ದಿನಬಳಕೆಗೆ ಟೈಟಾನಿಯಂ ಉಂಗುರ: ಅಳತೆ, ಗ್ರೇಡ್, ಬಣ್ಣ ನೋಡಿ ಆರಿಸುವ ಬಗೆ

ಚಿನ್ನದ ಉಂಗುರ ಕೊಳ್ಳುವಾಗ ಮನಸ್ಸಿಗೆ ಒಂದು ಧೈರ್ಯ ಇರುತ್ತದೆ. ಅಳತೆ ಹೆಚ್ಚುಕಡಿಮೆಯಾದರೆ ಅಕ್ಕಸಾಲಿಗರ ಕೈಗೆ ಕೊಡಬಹುದು. ಅವರು ಕತ್ತರಿಸಿ, ಚೂರು ಸೇರಿಸಿ ಅಥವಾ ತೆಗೆದು, ಬೆಸುಗೆ ಹಾಕಿ ಹೊಳಪು ಕೊಟ್ಟರೆ ಜೋಡಿಸಿದ ಗೆರೆಯೂ ಕಾಣುವುದಿಲ್ಲ. ಟೈಟಾನಿಯಂನಲ್ಲಿ ಈ ಸೌಲಭ್ಯ ಇಲ್ಲ. ಬಯಲಿನಲ್ಲಿ ಕೆಂಪಗೆ ಕಾಯಿಸಿದರೆ ಅದು ಗಾಳಿಯ ಆಮ್ಲಜನಕ, ಸಾರಜನಕಗಳನ್ನು ಹೀರಿಕೊಂಡು ಪೆಡಸಾಗುತ್ತದೆ. ಕರಗಬೇಕಾದರೆ 1,668 ಡಿಗ್ರಿ ಸೆಲ್ಸಿಯಸ್ ಬೇಕು. ಆರ್ಗಾನ್ ಅನಿಲದ ಮರೆಯಲ್ಲಿ ಲೇಸರ್ ಅಥವಾ ಟಿಗ್ ವೆಲ್ಡಿಂಗ್ ಮಾಡುವ ಅನುಕೂಲ ಇರುವವರು ಮಾತ್ರ ಇದನ್ನು ಬೆಸೆಯಬಲ್ಲರು. ಸಾಮಾನ್ಯ ಆಭರಣದ ಕೆಲಸಗಾರರು ಟೈಟಾನಿಯಂ ಎಂದ ಕೂಡಲೇ ಉಂಗುರವನ್ನು ವಾಪಸ್ ಕೊಡುವುದು ಇದೇ ಕಾರಣಕ್ಕೆ.

ಹೀಗಾಗಿ ಉಳಿದ ಉಂಗುರಗಳಲ್ಲಿ ಕೊನೆಗೆ ನೋಡುವುದನ್ನು ಇಲ್ಲಿ ಮೊದಲು ನೋಡಬೇಕು. ಮೊದಲು ಅಳತೆ, ಆಮೇಲೆ ಲೋಹದ ಗ್ರೇಡ್, ನಂತರ ಅಗಲ ಮತ್ತು ಒಳಮೈಯ ಆಕಾರ. ಬಣ್ಣ, ಹರಳು, ಕೆತ್ತನೆ ಎಲ್ಲವೂ ಆಮೇಲಿನ ಮಾತು. ಚೆಂದ ನೋಡಿ ಆರಿಸಿ ಅಳತೆಯನ್ನು ಅಂದಾಜಿನಲ್ಲಿ ಹೇಳಿದವರ ಉಂಗುರ ಕೊನೆಗೆ ಪೆಟ್ಟಿಗೆ ಸೇರುತ್ತದೆ.

ಅಳತೆ

ಬೆರಳಿನ ಗಾತ್ರ ದಿನವಿಡೀ ಒಂದೇ ಇರುವುದಿಲ್ಲ. ಸೆಖೆಯಲ್ಲಿ, ನಡೆದು ಬಂದಾಗ, ಉಪ್ಪು ಹೆಚ್ಚಾಗಿ ತಿಂದಾಗ ಊದಿಕೊಳ್ಳುತ್ತದೆ. ಚಳಿಗೆ ಕುಗ್ಗುತ್ತದೆ. ಎದ್ದ ಕೂಡಲೇ, ವ್ಯಾಯಾಮ ಮುಗಿಸಿದ ಕೂಡಲೇ, ಕೈ ತಣ್ಣಗಿರುವಾಗ ಅಳೆಯಬೇಡಿ. ಮಧ್ಯಾಹ್ನ ಕಳೆದ ಮೇಲೆ, ಕೈ ಬೆಚ್ಚಗಿರುವಾಗ ಅಳೆಯಿರಿ. ಬೇರೆ ಬೇರೆ ದಿನ ಕನಿಷ್ಠ ಮೂರು ಸಲ ಅಳೆದು, ಮತ್ತೆ ಮತ್ತೆ ಬಂದ ಅಳತೆಯನ್ನೇ ಹಿಡಿಯಿರಿ. ಎಡಗೈ ಬಲಗೈ ಬೆರಳುಗಳೂ ಒಂದೇ ಗಾತ್ರ ಇರುವುದಿಲ್ಲ, ಯಾವ ಬೆರಳಿಗೆ ಹಾಕುತ್ತೀರೋ ಅದನ್ನೇ ಅಳೆಯಬೇಕು.

ಕಾಗದದ ಪಟ್ಟಿ ಸುತ್ತಿ ಪೆನ್ನಿನಿಂದ ಗುರುತು ಹಾಕುವ ವಿಧಾನ ಟೈಟಾನಿಯಂಗೆ ಸಾಲದು. ಅಮೆರಿಕದ ಪದ್ಧತಿಯಲ್ಲಿ ಅರ್ಧ ಸೈಜ್ ಎಂದರೆ ಒಳಸುತ್ತಳತೆಯಲ್ಲಿ ಸುಮಾರು 1.3 ಮಿ.ಮೀ., ಒಳವ್ಯಾಸದಲ್ಲಿ 0.4 ಮಿ.ಮೀ. ಮಾತ್ರ. ಪೆನ್ನಿನ ಗೆರೆಯೇ ಅರ್ಧ ಮಿ.ಮೀ. ದಪ್ಪ ಇರುತ್ತದೆ, ಕಾಗದ ಓರೆಯಾಗಿ ಸುತ್ತಿದರೆ ಉಳಿದಷ್ಟೂ ತಪ್ಪುತ್ತದೆ. ಉಂಗುರಗಳ ಗೊಂಚಲಿನಂತಿರುವ ಲೋಹದ ಸೈಜರ್ ಬಳಸಿ. ಗೊಂಚಲಿನ ಉಂಗುರಗಳು ಸಾಮಾನ್ಯವಾಗಿ ಕಿರಿದಾಗಿರುತ್ತವೆ. ನೀವು ಕೊಳ್ಳುವುದು 6 ಅಥವಾ 8 ಮಿ.ಮೀ. ಅಗಲದ ಉಂಗುರವಾದರೆ ಅದೇ ಒಳವ್ಯಾಸದಲ್ಲೂ ಹೆಚ್ಚು ಬಿಗಿ ಅನ್ನಿಸುತ್ತದೆ, ಯಾಕೆಂದರೆ ಅಗಲ ಪಟ್ಟಿಯ ಕೆಳಗೆ ಒತ್ತಿಹೋದ ಚರ್ಮಕ್ಕೆ ಪಕ್ಕಕ್ಕೆ ಸರಿಯಲು ಜಾಗ ಇರುವುದಿಲ್ಲ. ಅಂಥ ಉಂಗುರಕ್ಕೆ ಕಾಲು ಸೈಜಿನಿಂದ ಅರ್ಧ ಸೈಜಿನಷ್ಟು ದೊಡ್ಡದು ಬೇಕಾಗಬಹುದು. ಒಳಮೈ ಉಬ್ಬಿಕೊಂಡಿರುವ ಕಂಫರ್ಟ್ ಫಿಟ್ ಉಂಗುರದಲ್ಲಿ ಇದಕ್ಕೆ ತದ್ವಿರುದ್ಧ. ಚರ್ಮಕ್ಕೆ ತಾಗುವ ಜಾಗ ಕಡಿಮೆಯಾದ್ದರಿಂದ ಸ್ವಲ್ಪ ಸಡಿಲ ಅನ್ನಿಸುತ್ತದೆ. ಈ ಎರಡೂ ಸೇರಿ ಲೆಕ್ಕ ಗೋಜಲಾಗುವುದರಿಂದ, ಕೊಳ್ಳಲಿರುವ ಉಂಗುರದಷ್ಟೇ ಅಗಲದ, ಅದೇ ಒಳಮೈಯ ಸೈಜರ್ ಕೇಳಿ ಪಡೆಯುವುದೇ ಸರಿಯಾದ ಉಪಾಯ. ಟೈಟಾನಿಯಂ ಉಂಗುರವನ್ನೇ ಕಸುಬಾಗಿ ಮಾಡುವವರ ಬಳಿ ಅಂಥದ್ದು ಇರುತ್ತದೆ.

ಸರಿಯಾಗಿ ಹೊಂದುವ ಹಳೆಯ ಉಂಗುರ ಇದ್ದರೆ ವರ್ನಿಯರ್ ಕ್ಯಾಲಿಪರ್‌ನಿಂದ ಅದರ ಒಳವ್ಯಾಸ ಅಳೆಯಬಹುದು. ಬಹಳ ಕಾಲ ಧರಿಸಿದ ಚಿನ್ನ, ಬೆಳ್ಳಿಯ ಉಂಗುರಗಳು ಸಾಮಾನ್ಯವಾಗಿ ಮೊಟ್ಟೆಯಾಕಾರಕ್ಕೆ ಬಾಗಿರುತ್ತವೆ. ನಾಲ್ಕು ದಿಕ್ಕಿನಲ್ಲಿ ಅಳೆದು ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಳತೆಗಳ ಸರಾಸರಿ ತೆಗೆಯಿರಿ. ಟೈಟಾನಿಯಂ ಹಾಗೆ ಬಾಗಿ ಬೆರಳಿಗೆ ಒಗ್ಗಿಕೊಳ್ಳುವುದಿಲ್ಲ, ಅದು ದುಂಡಗೇ ಉಳಿಯುತ್ತದೆ.

ಆರ್ಡರ್ ಕೊಡುವಾಗ ಬರೀ ಸೈಜ್ ನಂಬರು ಹೇಳಿ ನಿಲ್ಲಬೇಡಿ. ಅಮೆರಿಕದ ಪದ್ಧತಿಯಲ್ಲಿ 7 ಎಂದರೆ ಒಳವ್ಯಾಸ ಸುಮಾರು 17.3 ಮಿ.ಮೀ., 10 ಎಂದರೆ 19.8 ಮಿ.ಮೀ. ಬ್ರಿಟನ್ನಿನಲ್ಲಿ ಅಕ್ಷರಗಳಿಂದ ಗುರುತಿಸುತ್ತಾರೆ. ಐಎಸ್‌ಒ 8653 ಎಂಬ ಅಂತರರಾಷ್ಟ್ರೀಯ ಮಾನಕವು ಒಳಸುತ್ತಳತೆಯನ್ನೇ ಮಿ.ಮೀ.ನಲ್ಲಿ ಹೇಳುತ್ತದೆ, ಅಮೆರಿಕದ 10 ಅಲ್ಲಿ 62ರ ಆಸುಪಾಸಿಗೆ ಬರುತ್ತದೆ. ಒಳವ್ಯಾಸವನ್ನು ಮಿ.ಮೀ.ನಲ್ಲಿ, ದಶಾಂಶದ ಒಂದು ಸ್ಥಾನದವರೆಗೆ ಬರೆದು ಕೊಟ್ಟರೆ ಯಾವ ದೇಶದ ಕೆಲಸಗಾರರಿಗೂ ಗೊಂದಲ ಆಗುವುದಿಲ್ಲ.

ಸೈಜರ್ ಸಿಕ್ಕಿದ ಮೇಲೆ ಒಂದು ಇಡೀ ದಿನ ಅದನ್ನೇ ಹಾಕಿಕೊಂಡಿರಿ. ಹಾಕುವಾಗ ಗೆಣ್ಣಿನ ಮೇಲೆ ಸ್ವಲ್ಪ ತಳ್ಳಿದರೆ ಸಾಕು, ದಾಟಬೇಕು. ತೆಗೆಯುವಾಗ ಮಾತ್ರ ಗೆಣ್ಣಿನ ಬಳಿ ತಡೆಯಬೇಕು, ತಿರುಗಿಸುತ್ತ ಎಳೆದರಷ್ಟೇ ಬರಬೇಕು. ಸಾಬೂನು ಹಚ್ಚಿದ ಒದ್ದೆ ಕೈಯನ್ನು ಕೆಳಮುಖ ಮಾಡಿ ಕೊಡವಿ, ಆಗ ಜಾರಿ ಹೊರಬರಬಾರದು. ಮುಷ್ಟಿ ಕಟ್ಟಿದಾಗ ಉಂಗುರದ ಎರಡೂ ಬದಿಯಲ್ಲಿ ಚರ್ಮ ಉಬ್ಬಿದರೆ ಅದು ಬಿಗಿ. ಸಂಜೆ ತೆಗೆದಾಗ ತೆಳುವಾದ ಅಚ್ಚು ಉಳಿದರೆ ಚಿಂತೆಯಿಲ್ಲ, ಆಳವಾಗಿ ಕೆಂಪಗೆ ಒತ್ತಿದ್ದರೆ ಬೇಡ.

ಚಿನ್ನಕ್ಕೆ ಒಗ್ಗಿದವರು ಇಲ್ಲಿ ಎಚ್ಚರ ವಹಿಸಬೇಕು. ಹನ್ನೆರಡು ಗ್ರಾಂ ತೂಕದ ಉಂಗುರ ಜಾರತೊಡಗಿದರೆ ಬೆರಳಿಗೆ ಗೊತ್ತಾಗುತ್ತದೆ. ನಾಲ್ಕು ಗ್ರಾಂ ಕೂಡ ತೂಗದ ಟೈಟಾನಿಯಂ ಜಾರಿ ಬಿದ್ದದ್ದೇ ತಿಳಿಯುವುದಿಲ್ಲ. ಹಾಗಾಗಿ ಇದನ್ನು ಚಿನ್ನಕ್ಕಿಂತ ಒಂದಿಷ್ಟು ಒತ್ತಾಗಿ ಕೂರುವಂತೆಯೇ ಆರಿಸಿ.

ಎರಡು ಸೈಜುಗಳ ನಡುವೆ ಸಿಕ್ಕಿಕೊಂಡರೆ? ಪೂರ್ತಿ ಟೈಟಾನಿಯಂನ ಸಾದಾ ಉಂಗುರವಾದರೆ ಚಿಕ್ಕದನ್ನು ಹಿಡಿಯಿರಿ, ಸಾಬೂನಿಲ್ಲದೆ ಗೆಣ್ಣು ದಾಟುವಂತಿರಬೇಕು ಅಷ್ಟೆ. ಲೇತ್‌ಗೆ ಕಟ್ಟಿ ಒಳಮೈ ಕೊರೆದು ದೊಡ್ಡದು ಮಾಡಲು ಬರುತ್ತದೆ, ಚಿಕ್ಕದು ಮಾಡಲು ಬರುವುದಿಲ್ಲ. ಅರ್ಧ ಸೈಜ್ ದೊಡ್ಡದಾಗಬೇಕೆಂದರೆ ಒಳಗೋಡೆಯಿಂದ ಸುತ್ತಲೂ 0.2 ಮಿ.ಮೀ. ಹೋಗುತ್ತದೆ, 2 ಮಿ.ಮೀ. ದಪ್ಪದ ಉಂಗುರ 1.8ಕ್ಕೆ ಇಳಿಯುತ್ತದೆ. ಪೂರ್ತಿ ಒಂದು ಸೈಜಿಗೆ 1.6 ಆಗುತ್ತದೆ. ಆದರೆ ಒಳಗೆ ಬೇರೆ ಲೋಹದ ಪಟ್ಟಿ, ಬಣ್ಣ, ಕೆತ್ತನೆ ಇದ್ದರೆ ಕೊರೆದಾಗ ಅವು ಹೊರಟುಹೋಗುತ್ತವೆ. ಹೊರಗಿನಿಂದ ಸುತ್ತಲೂ ಆಳವಾದ ಕಾಲುವೆ ತೋಡಿ ಮರವನ್ನೋ ಕಾರ್ಬನ್ ಫೈಬರನ್ನೋ ಕೂರಿಸಿದ್ದರೆ ಕೊರೆಯಲು ಗೋಡೆಯೇ ಉಳಿದಿರುವುದಿಲ್ಲ. ಗೆಣ್ಣು ದಪ್ಪ, ಬುಡ ಸಣ್ಣ ಇರುವವರಿಗೆ ಇನ್ನೊಂದು ತೊಡಕು ಇದೆ. ಚಿನ್ನದಲ್ಲಾದರೆ ಒಳಗೆ ಎರಡು ಪುಟ್ಟ ಗುಂಡು ಬೆಸೆದು ಉಂಗುರ ಗಿರಕಿ ಹೊಡೆಯದಂತೆ ಮಾಡುತ್ತಾರೆ, ಟೈಟಾನಿಯಂನಲ್ಲಿ ಅದು ಸುಲಭವಲ್ಲ. ಅವರು ಸುತ್ತಲೂ ಒಂದೇ ತರಹ ಇರುವ ವಿನ್ಯಾಸ ತೆಗೆದುಕೊಂಡರೆ ಉಂಗುರ ತಿರುಗಿದರೂ ಕೆಟ್ಟು ಕಾಣುವುದಿಲ್ಲ.

ಯಾವ ಟೈಟಾನಿಯಂ?

"ವಿಮಾನ ದರ್ಜೆ", "ಏರೋಸ್ಪೇಸ್", "ಸರ್ಜಿಕಲ್" ಎಂಬ ಹೆಸರುಗಳ ಹಿಂದೆ ನಿಖರವಾದ ಅರ್ಥವಿಲ್ಲ. ಗ್ರೇಡ್ ನಂಬರು ಕೇಳಿ, ಅದನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಉಂಗುರಗಳಲ್ಲಿ ಹೆಚ್ಚಾಗಿ ಎದುರಾಗುವುದು ಎರಡು.

ಗ್ರೇಡ್ 2 ಎಂದರೆ ಬೇರೆ ಲೋಹ ಬೆರೆಸದ ಟೈಟಾನಿಯಂ. ಗ್ರೇಡ್ 5ರಲ್ಲಿ ಸುಮಾರು 6 ಶೇಕಡಾ ಅಲ್ಯೂಮಿನಿಯಂ, 4 ಶೇಕಡಾ ವನೇಡಿಯಂ ಸೇರಿರುತ್ತದೆ. ಎಳೆದು ಮುರಿಯುವ ಬಲದ ಕನಿಷ್ಠ ಮಿತಿ ಗ್ರೇಡ್ 2ಕ್ಕೆ 345 ಮೆಗಾಪ್ಯಾಸ್ಕಲ್, ಗ್ರೇಡ್ 5ಕ್ಕೆ 895. ವಿಕರ್ಸ್ ಗಡಸುತನದಲ್ಲಿ ಗ್ರೇಡ್ 2 ಸುಮಾರು 150ರಿಂದ 200ರೊಳಗೆ ಇದ್ದರೆ ಗ್ರೇಡ್ 5 ಸುಮಾರು 350 ಮುಟ್ಟುತ್ತದೆ. ಕೈಯಲ್ಲಿ ಇದರ ಪರಿಣಾಮ ನೇರವಾಗಿ ಕಾಣುತ್ತದೆ. ಗ್ರೇಡ್ 5ಕ್ಕೆ ಕೊಟ್ಟ ಕನ್ನಡಿ ಹೊಳಪು ಹೆಚ್ಚು ಕಾಲ ನಿಲ್ಲುತ್ತದೆ, ಅಂಚು ಮೊಂಡಾಗುವುದು ನಿಧಾನ. ಗ್ರೇಡ್ 2ರಲ್ಲಿ ಗೀರು ಬೇಗ ಬೀಳುತ್ತದೆ, ಆದರೆ ತುರ್ತಿನಲ್ಲಿ ಕತ್ತರಿಸುವುದು ಸುಲಭ. ಗ್ರೇಡ್ 23 ಎಂಬುದು ಗ್ರೇಡ್ 5ರ ಇನ್ನಷ್ಟು ಶುದ್ಧ ರೂಪ, ಆಮ್ಲಜನಕದಂಥ ಬೆರಕೆಗಳು ಕಡಿಮೆ. ದೇಹದೊಳಗೆ ಕೂರಿಸುವ ಸಾಧನಗಳಿಗೆ ಅದು ಬೇಕು, ಬೆರಳಿನ ಮೇಲಿರುವ ಉಂಗುರಕ್ಕೆ ಅದರಿಂದ ವಿಶೇಷ ಲಾಭ ಇಲ್ಲ.

ನಮ್ಮ ಸಲಹೆ ಹೀಗಿದೆ. ಮೇಜಿನ ಕೆಲಸ, ಹೊಳಪು ಬೇಕು ಎನ್ನುವವರಿಗೆ ಗ್ರೇಡ್ 5. ಬೆರಳು ಆಗಾಗ ಊದಿಕೊಳ್ಳುವವರು, ಕೈಗೆ ಪೆಟ್ಟು ಬೀಳುವ ಕೆಲಸದವರು, ಸಂಧಿವಾತ ಇರುವವರು ಗ್ರೇಡ್ 2 ತೆಗೆದುಕೊಂಡು ಮ್ಯಾಟ್ ಮೈ ಮಾಡಿಸಿಕೊಳ್ಳಲಿ.

ನಿಕಲ್ ಅಲರ್ಜಿ ಇದೆ ಎಂದು ಟೈಟಾನಿಯಂ ಹುಡುಕುವವರು ಬಹಳ ಮಂದಿ. ಲೋಹಗಳಿಂದ ಚರ್ಮಕ್ಕೆ ಬರುವ ಅಲರ್ಜಿಗಳಲ್ಲಿ ನಿಕಲ್‌ನದ್ದೇ ಮೊದಲ ಸ್ಥಾನ. ಗ್ರೇಡ್ 2, ಗ್ರೇಡ್ 5 ಎರಡರಲ್ಲೂ ನಿಕಲ್ ಬೆರೆಸುವುದಿಲ್ಲ, ಆ ಲೆಕ್ಕದಲ್ಲಿ ಎರಡೂ ನಿಶ್ಚಿಂತೆ. ಮೋಸ ಆಗುವುದು ಹೆಸರಿನಲ್ಲಿ. ಆನ್‌ಲೈನ್‌ನಲ್ಲಿ "ಟೈಟಾನಿಯಂ ಸ್ಟೀಲ್" ಎಂದು ಮಾರುವ ಉಂಗುರ ಸಾಮಾನ್ಯವಾಗಿ 316ಎಲ್ ಸ್ಟೇನ್‌ಲೆಸ್ ಸ್ಟೀಲ್. ಅದರಲ್ಲಿ 10ರಿಂದ 14 ಶೇಕಡಾ ನಿಕಲ್ ಇರುತ್ತದೆ. ಆ ಉಕ್ಕು ನಿಕಲ್ ಬಿಟ್ಟುಕೊಡುವುದು ಕಡಿಮೆ ಎಂಬುದು ನಿಜ, ಆದರೂ ಈಗಾಗಲೇ ಅಲರ್ಜಿ ಇರುವವರು ಅದನ್ನು ಟೈಟಾನಿಯಂ ಎಂದು ನಂಬಿ ಹಾಕಿಕೊಳ್ಳುವುದು ಸರಿಯಲ್ಲ. "ಟೈಟಾನಿಯಂ ಲೇಪಿತ" ಎಂದಿದ್ದರೆ ಒಳಗಿರುವುದು ಬೇರೆ ಲೋಹ ಎಂದೇ ಅರ್ಥ. ನಿಟಿನಾಲ್ ಎಂಬ ಟೈಟಾನಿಯಂ ಮಿಶ್ರಲೋಹದಲ್ಲಂತೂ ಅರ್ಧಕ್ಕಿಂತ ಹೆಚ್ಚು ತೂಕ ನಿಕಲ್‌ನದ್ದೇ.

ಮನೆಯಲ್ಲೇ ಪರೀಕ್ಷೆ

ಅಯಸ್ಕಾಂತ ಇಲ್ಲಿ ಕೆಲಸಕ್ಕೆ ಬಾರದು. ಟೈಟಾನಿಯಂ ಅದಕ್ಕೆ ಅಂಟುವುದಿಲ್ಲ, 316ಎಲ್ ಉಕ್ಕೂ ಹೆಚ್ಚುಕಡಿಮೆ ಅಂಟುವುದಿಲ್ಲ. ಸಾಂದ್ರತೆ ಮಾತ್ರ ಸುಳ್ಳು ಹೇಳುವುದಿಲ್ಲ. ಟೈಟಾನಿಯಂ ಒಂದು ಘನ ಸೆಂ.ಮೀ.ಗೆ ಸುಮಾರು 4.5 ಗ್ರಾಂ, ಸ್ಟೇನ್‌ಲೆಸ್ ಸ್ಟೀಲ್ 8, ಬೆಳ್ಳಿ 10.5, 18 ಕ್ಯಾರೆಟ್ ಚಿನ್ನ ಮತ್ತು ಟಂಗ್‌ಸ್ಟನ್ ಕಾರ್ಬೈಡ್ ಎರಡೂ 15ರ ಆಸುಪಾಸು.

0.01 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು. ಮೊದಲು ಒಣ ಉಂಗುರದ ತೂಕ ಬರೆದಿಟ್ಟುಕೊಳ್ಳಿ. ಆಮೇಲೆ ನೀರು ತುಂಬಿದ ಪುಟ್ಟ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ತೆಳುವಾದ ದಾರಕ್ಕೆ ಉಂಗುರ ಕಟ್ಟಿ, ಪೂರ್ತಿ ಮುಳುಗುವಂತೆ ಇಳಿಬಿಡಿ. ತಳಕ್ಕೂ ಗೋಡೆಗೂ ತಾಗಬಾರದು, ಗಾಳಿಗುಳ್ಳೆ ಅಂಟಿದ್ದರೆ ದಾರ ಅಲ್ಲಾಡಿಸಿ ಬಿಡಿಸಿ. ಈಗ ತಕ್ಕಡಿ ತೋರಿಸುವ ಗ್ರಾಂ ಸಂಖ್ಯೆಯೇ ಉಂಗುರದ ಗಾತ್ರ, ಘನ ಸೆಂ.ಮೀ.ನಲ್ಲಿ. ಒಣ ತೂಕವನ್ನು ಅದರಿಂದ ಭಾಗಿಸಿ. 19.8 ಮಿ.ಮೀ. ಒಳವ್ಯಾಸ, 6 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ಚಪ್ಪಟೆ ಉಂಗುರದ ಗಾತ್ರ ಸುಮಾರು 0.82. ಅದು 3.7 ಗ್ರಾಂ ತೂಗಿದರೆ ಟೈಟಾನಿಯಂ, ಆರೂವರೆ ಗ್ರಾಂ ತೂಗಿದರೆ ಉಕ್ಕು. ಉತ್ತರ 4.3ರಿಂದ 4.6ರೊಳಗೆ ಬಂದರೆ ಒಪ್ಪಿಕೊಳ್ಳಿ. ಗ್ರೇಡ್ 2ಕ್ಕೂ ಗ್ರೇಡ್ 5ಕ್ಕೂ ಇರುವ ವ್ಯತ್ಯಾಸ ಎರಡು ಶೇಕಡಾ ಕೂಡ ಇಲ್ಲದ್ದರಿಂದ ಈ ತಕ್ಕಡಿಯಲ್ಲಿ ಅವೆರಡನ್ನು ಬೇರ್ಪಡಿಸಲಾಗದು. ಅದಕ್ಕೇ ಗ್ರೇಡ್ ಬರೆಸಿಕೊಳ್ಳಿ ಎಂದದ್ದು. ಹರಳು, ಮರ ಇತ್ಯಾದಿ ಕೂರಿಸಿದ ಉಂಗುರಕ್ಕೆ ಈ ಲೆಕ್ಕ ಹೊಂದುವುದಿಲ್ಲ.

ಅಗಲ, ದಪ್ಪ, ಅಂಚು

4 ಮಿ.ಮೀ. ಅಗಲ ಸಣ್ಣ ಕೈಗೆ, 6 ಮಿ.ಮೀ. ಬಹುಪಾಲು ಕೈಗಳಿಗೆ ಹೊಂದುತ್ತದೆ. 8 ಮಿ.ಮೀ. ಉಂಗುರ ನೋಡಲು ಗಟ್ಟಿಮುಟ್ಟು, ಆದರೆ ಬೆರಳು ಮಡಚುವಾಗ ಅಡ್ಡ ಬರಬಹುದು, ಅದರಡಿ ನೀರೂ ಹೆಚ್ಚು ನಿಲ್ಲುತ್ತದೆ. ದಪ್ಪ 1.5ರಿಂದ 2 ಮಿ.ಮೀ. ಸಾಕು. ಅದಕ್ಕಿಂತ ದಪ್ಪವಾದರೆ ಪಕ್ಕದ ಬೆರಳುಗಳು ದೂರ ಸರಿದು ಕೈ ಬೇಗ ದಣಿಯುತ್ತದೆ. ಗ್ರೇಡ್ 5ರಲ್ಲಿ 1.3 ಮಿ.ಮೀ. ಇದ್ದರೂ ಬಾಗುವ ಭಯ ಇಲ್ಲ, ಆದರೆ ಮುಂದೆ ಕೊರೆಸಿ ದೊಡ್ಡದು ಮಾಡುವ ಅವಕಾಶ ಕೈಬಿಟ್ಟಂತೆ.

ದಿನವಿಡೀ ಹಾಕುವುದಾದರೆ ಕಂಫರ್ಟ್ ಫಿಟ್ ಒಳಮೈಯನ್ನೇ ಆರಿಸಿ. ಗೆಣ್ಣು ದಾಟಿಸಲು ಸುಲಭ, ಬೆವರು ಆರಲು ಜಾಗ ಇರುತ್ತದೆ, ಅಂಚು ಚರ್ಮಕ್ಕೆ ಒತ್ತುವುದಿಲ್ಲ.

ಅಂಚನ್ನು ಕಣ್ಣಿನಿಂದ ನೋಡಿದರೆ ಸಾಲದು. ಒಂದಿಷ್ಟು ಹತ್ತಿ ತೆಗೆದು ಉಂಗುರದ ಒಳಅಂಚು, ಹೊರಅಂಚು, ಕಾಲುವೆ ತೋಡಿದ ಕಡೆಯೆಲ್ಲ ಸುತ್ತ ಸವರಿ. ಲೇತ್‌ನ ಉಳಿ ಬಿಟ್ಟುಹೋದ ಕೂದಲೆಳೆಯಂಥ ಮುಳ್ಳು ಎಲ್ಲಿದೆಯೋ ಅಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡು ನಿಲ್ಲುತ್ತದೆ. ಗಡಸು ಲೋಹವಾದ್ದರಿಂದ ಈ ಮುಳ್ಳು ಧರಿಸುತ್ತ ಧರಿಸುತ್ತ ಸವೆದುಹೋಗುವುದಿಲ್ಲ, ಪಕ್ಕದ ಬೆರಳನ್ನು ತಿಂಗಳುಗಟ್ಟಲೆ ಗೀರುತ್ತಲೇ ಇರುತ್ತದೆ. ಹತ್ತಿ ಸಿಕ್ಕಿದರೆ ಉಂಗುರ ಹಿಂದಿರುಗಿಸಿ. ಅಂಗಡಿಯಲ್ಲೇ ಹಾಕಿಕೊಂಡು ದಪ್ಪ ಕೋಲಿನಂಥ ಹಿಡಿಕೆಯೊಂದನ್ನು ಬಿಗಿಯಾಗಿ ಹಿಡಿದು ನೋಡಿ. ಅಂಗೈ ಕಡೆಯ ಅಂಚು ಚುಚ್ಚಿದರೆ ಅದು ದಿನಾ ಚುಚ್ಚುತ್ತದೆ.

ಮೈ ಮತ್ತು ಬಣ್ಣ

ಟೈಟಾನಿಯಂಗೆ ಗೀರು ಬೀಳುವುದಿಲ್ಲ ಎಂಬ ಮಾತು ಸುಳ್ಳು. ಮಣ್ಣಿನಲ್ಲಿ, ಧೂಳಿನಲ್ಲಿ ಇರುವ ಮರಳಿನ ಕಣ ಅದಕ್ಕಿಂತ ಗಡಸು. ಕಾಂಕ್ರೀಟ್ ಗೋಡೆ, ವ್ಯಾಯಾಮದ ಕಬ್ಬಿಣದ ಸರಳಿನ ಒರಟು ಹಿಡಿಕೆ, ಸೆರಾಮಿಕ್ ಪಾತ್ರೆಯ ತಳ ಎಲ್ಲವೂ ಗುರುತು ಬಿಡುತ್ತವೆ. ಕನ್ನಡಿ ಹೊಳಪಿನ ಮೇಲೆ ಮೊದಲ ವಾರದಲ್ಲೇ ಗೀರು ಕಂಡು ಬೇಸರವಾಗುತ್ತದೆ. ಬ್ರಷ್ ಮಾಡಿದ ಸ್ಯಾಟಿನ್ ಮೈಯಲ್ಲಿ ಹೊಸ ಗೀರು ಹಳೆಯ ಗೆರೆಗಳ ನಡುವೆ ಅಡಗುತ್ತದೆ, ಮನೆಯಲ್ಲೇ ಮತ್ತೆ ಹೊಸದು ಮಾಡಬಹುದು. ದಿನಬಳಕೆಗೆ ಇದಕ್ಕಿಂತ ಒಳ್ಳೆಯ ಮೈ ಇಲ್ಲ. ಮರಳು ಸಿಡಿಸಿ ಮಾಡಿದ ಮ್ಯಾಟ್ ಮೈ ಹೊಸದರಲ್ಲಿ ಬಹಳ ಚೆಂದ, ಆದರೆ ಉಜ್ಜಾಡುವ ಕಡೆಯಷ್ಟೇ ಮಿರುಗತೊಡಗಿ ತೇಪೆ ತೇಪೆಯಾಗುತ್ತದೆ. ಅದನ್ನು ಸರಿಮಾಡಲು ಮತ್ತೆ ಅದೇ ಯಂತ್ರ ಬೇಕು.

ಬಣ್ಣದ ಟೈಟಾನಿಯಂನಲ್ಲಿ ಎರಡು ಬೇರೆ ಬೇರೆ ವಿದ್ಯೆಗಳಿವೆ, ಮಾರುವವರು ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆ. ಒಂದು ಆನೊಡೈಸಿಂಗ್. ಉಂಗುರವನ್ನು ದ್ರಾವಣದಲ್ಲಿಟ್ಟು ವಿದ್ಯುತ್ ಹರಿಸಿದಾಗ ಮೇಲಿನ ಆಕ್ಸೈಡ್ ಪದರ ದಪ್ಪವಾಗುತ್ತದೆ. ಇಲ್ಲಿ ಯಾವ ಬಣ್ಣವನ್ನೂ ಹಚ್ಚುವುದಿಲ್ಲ. ಪಾರದರ್ಶಕ ಪದರದ ಮೇಲಿನಿಂದಲೂ ತಳದಿಂದಲೂ ಪ್ರತಿಫಲಿಸುವ ಬೆಳಕು ಸೇರಿ ಬಣ್ಣ ಕಾಣುತ್ತದೆ, ಪದರದ ದಪ್ಪವನ್ನು ವೋಲ್ಟೇಜ್ ನಿರ್ಧರಿಸುತ್ತದೆ. ಸುಮಾರು 15 ವೋಲ್ಟಿಗೆ ಕಂಚಿನ ಛಾಯೆ, 25ರಿಂದ 30ಕ್ಕೆ ನೀಲಿ, 55ರ ಹತ್ತಿರ ಹಳದಿ, 75ರ ಹತ್ತಿರ ನೇರಳೆ, 100ರ ಆಸುಪಾಸು ಹಸಿರು. ಅಪ್ಪಟ ಕೆಂಪು, ಅಪ್ಪಟ ಕಪ್ಪು ಈ ವಿಧಾನದಲ್ಲಿ ಬರುವುದಿಲ್ಲ. ಪದರ ಒಂದು ಮೈಕ್ರಾನಿನ ಕಾಲು ಭಾಗಕ್ಕಿಂತ ತೆಳು. ಹೀಗಾಗಿ ಹೊರಮೈಯ ಬಣ್ಣ ಅಂಗೈ ಕಡೆಯಿಂದ ಸವೆಯುತ್ತ ಬರುತ್ತದೆ. ಬೆರಳಿನ ಎಣ್ಣೆ ಅಂಟಿದರೂ ಛಾಯೆ ಬೇರೆಯಾಗಿ ಕಾಣುತ್ತದೆ, ತೊಳೆದರೆ ಮರಳುತ್ತದೆ. ಬಣ್ಣ ಬೇಕೇ ಬೇಕೆಂದರೆ ಹೊರಮೈಗಿಂತ ತಗ್ಗಿನಲ್ಲಿರುವ ಕಾಲುವೆಯೊಳಗೆ ಮಾಡಿಸಿ, ಅಲ್ಲಿ ಏನೂ ಉಜ್ಜುವುದಿಲ್ಲ. ಹಳೆಯ ಪದರ ತೆಗೆದು ಮತ್ತೆ ಬಣ್ಣ ಬರಿಸಬಹುದು ಎಂಬುದು ಇದರ ದೊಡ್ಡ ಗುಣ.

ಎರಡನೆಯದು ಪಿವಿಡಿ (ನಿರ್ವಾತದಲ್ಲಿ ಆವಿಯಿಂದ ಕೂರಿಸುವ ತೆಳು ಪದರ) ಅಥವಾ ವಜ್ರದಂಥ ಇಂಗಾಲದ ಡಿಎಲ್‌ಸಿ ಲೇಪನ, ಕಪ್ಪು ಉಂಗುರಗಳಲ್ಲಿ ಸಾಮಾನ್ಯ. ಲೇಪನ ಗಡಸಾಗಿರುತ್ತದೆ, ಆದರೆ ಕೆಲವೇ ಮೈಕ್ರಾನ್ ದಪ್ಪ. ಆಳವಾದ ಗೀರು ಬಿದ್ದರೆ ಕೆಳಗಿನ ಬೂದು ಲೋಹ ಬೆಳ್ಳಗೆ ಇಣುಕುತ್ತದೆ, ಆ ಜಾಗವನ್ನಷ್ಟೇ ತೇಪೆ ಹಾಕಲು ಬರುವುದಿಲ್ಲ. ಕಪ್ಪು ಬಣ್ಣವೇ ಇಷ್ಟವಾದರೆ ಕಪ್ಪು ಜಿರ್ಕೋನಿಯಂ ನೋಡಿ. ಅದು ಬೇರೆಯದೇ ಲೋಹ, ಕಾಯಿಸಿದಾಗ ಅದರ ಮೈಯೇ ಗಡಸು ಕಪ್ಪು ಆಕ್ಸೈಡ್ ಆಗುತ್ತದೆ.

ಮರ, ಹರಳು, ಕೆತ್ತನೆ

ಮರ, ಓಪಲ್ ಪುಡಿ, ಕಾರ್ಬನ್ ಫೈಬರ್ ಎಲ್ಲವೂ ಎಪಾಕ್ಸಿ ಅಂಟಿನ ಮೇಲೆ ನಿಂತಿರುತ್ತವೆ. ಬಿಸಿ ನೀರು ಎಪಾಕ್ಸಿಯನ್ನು ಸಡಿಲಿಸುತ್ತದೆ, ಮರ ನೀರು ಕುಡಿದು ಹಿಗ್ಗಿ ಒಣಗಿ ಕುಗ್ಗುತ್ತದೆ. ದಿನಕ್ಕೆ ಹತ್ತು ಸಲ ಕೈ ತೊಳೆಯುವವರಿಗೆ ಇದು ದಿನಬಳಕೆಯ ಉಂಗುರವಲ್ಲ. ಚಿನ್ನದ ಎಳೆಯನ್ನು ಕಾಲುವೆಯೊಳಗೆ ಒತ್ತಿ ಕೂರಿಸಿದ ಉಂಗುರ ಅಂಟಿಲ್ಲದೆ ನಿಲ್ಲುತ್ತದೆ, ಅದು ಪರವಾಗಿಲ್ಲ.

ಹರಳು ಹಿಡಿದಿಡುವ ಕಾಲುಗಳು ಟೈಟಾನಿಯಂನದ್ದೇ ಆಗಿದ್ದರೆ, ಸವೆದಾಗ ತುದಿ ಬೆಸೆದು ಸರಿಮಾಡುವವರು ಸಿಗುವುದು ಕಷ್ಟ. ಚಿನ್ನದ ಪುಟ್ಟ ಬಟ್ಟಲಿನಲ್ಲಿ ಹರಳು ಕೂರಿಸಿ, ಆ ಬಟ್ಟಲನ್ನು ಟೈಟಾನಿಯಂ ಪಟ್ಟಿಯೊಳಗೆ ಸೇರಿಸಿದ ವಿನ್ಯಾಸ ಆರಿಸಿ. ರಿಪೇರಿ ಬಂದರೆ ಚಿನ್ನದ ಭಾಗಕ್ಕಷ್ಟೇ ಕೆಲಸ. ಗ್ರೇಡ್ 5ರ ಸ್ಪ್ರಿಂಗ್ ಗುಣ ಬಳಸಿ ಎರಡು ತುದಿಗಳ ನಡುವೆ ಹರಳನ್ನು ಒತ್ತಿ ಹಿಡಿಸುವ ಟೆನ್ಷನ್ ವಿನ್ಯಾಸವೂ ಇದೆ. ಅದನ್ನು ಮುಂದೆ ಕೊರೆಸಿ ದೊಡ್ಡದು ಮಾಡಿಸುವಂತಿಲ್ಲ, ಹಿಡಿತ ಹೋಗುತ್ತದೆ. ಹರಳುಗಳ ಗಡಸುತನ ಹೇಳುವ ಮೋಸ್ ಮಾನದಲ್ಲಿ 10 ಇರುವ ವಜ್ರ, 9 ಇರುವ ನೀಲಮಣಿ ಮತ್ತು ಮಾಣಿಕ್ಯ ದಿನಬಳಕೆಗೆ ತಾಳುತ್ತವೆ. ಗಡಸುತನ 7ಕ್ಕಿಂತ ಕಡಿಮೆ ಇರುವ ಹರಳುಗಳ ಮೈ ಬರೀ ಧೂಳಿಗೇ ಮಸುಕಾಗುತ್ತದೆ.

ಒಳಗೆ ಹೆಸರೋ ದಿನಾಂಕವೋ ಕೆತ್ತಿಸುವುದಾದರೆ ಲೇಸರ್ ಒಳ್ಳೆಯದು. ಉಂಗುರ ಕೆಲವು ವಾರ ಹಾಕಿ, ಅಳತೆ ಸರಿ ಎಂದು ಖಾತ್ರಿಯಾದ ಮೇಲೆ ಕೆತ್ತಿಸಿ. ಮೊದಲೇ ಕೆತ್ತಿಸಿದರೆ ಬಹಳ ಕಡೆ ವಾಪಸ್ ತೆಗೆದುಕೊಳ್ಳುವುದಿಲ್ಲ, ಕೊರೆಸಿದರೆ ಅಕ್ಷರ ಅಳಿಯುತ್ತದೆ.

ಬೆರಳು ಊದಿಕೊಂಡು ಉಂಗುರ ಸಿಕ್ಕಿಕೊಂಡರೆ

ಟೈಟಾನಿಯಂ ಉಂಗುರವನ್ನು ಕತ್ತರಿಸಲು ಆಗುವುದಿಲ್ಲ, ಬೆರಳೇ ತೆಗೆಯಬೇಕಾಗುತ್ತದೆ ಎಂಬುದು ಹರಡಿರುವ ಭಯ. ಅದು ನಿಜವಲ್ಲ. ಗ್ರೇಡ್ 2ನ್ನು ಕೈಯಿಂದ ತಿರುಗಿಸುವ ಸಾಮಾನ್ಯ ಕಟರ್ ಕೂಡ ತಾಳ್ಮೆಯಿಂದ ಕತ್ತರಿಸುತ್ತದೆ. ಗ್ರೇಡ್ 5ಕ್ಕೆ ವಜ್ರದ ಡಿಸ್ಕ್ ಇರುವ ವಿದ್ಯುತ್ ಕಟರ್ ಅಥವಾ ಬೋಲ್ಟ್ ಕಟರ್ ಬೇಕು. ಡಿಸ್ಕ್ ಬಳಸುವಾಗ ಬೆರಳಿಗೂ ಉಂಗುರಕ್ಕೂ ನಡುವೆ ತಗಡು ತೂರಿಸಿ, ನೀರು ಬಿಡುತ್ತ ಕತ್ತರಿಸಬೇಕು. ಟೈಟಾನಿಯಂ ಶಾಖವನ್ನು ಹರಡಿಸುವುದು ಬಹಳ ಕಡಿಮೆ, ಬಿಸಿಯೆಲ್ಲ ಕತ್ತರಿಸುವ ಜಾಗದಲ್ಲೇ ಕೂಡುತ್ತದೆ. ಒಂದು ಕಡೆ ಕತ್ತರಿಸಿದರೆ ಚಿನ್ನದಂತೆ ಬಗ್ಗಿಸಿ ಬಿಡಿಸಲಾಗದು, ಎದುರು ಬದಿಯಲ್ಲೂ ಕತ್ತರಿಸಿ ಎರಡು ಹೋಳು ಮಾಡಬೇಕು. ಆಸ್ಪತ್ರೆಗೆ ಹೋದಾಗ "ಇದು ಟೈಟಾನಿಯಂ, ಗ್ರೇಡ್ ಇಷ್ಟು" ಎಂದು ಮೊದಲೇ ಹೇಳಿ. ಟಂಗ್‌ಸ್ಟನ್ ಕಾರ್ಬೈಡ್ ಉಂಗುರವನ್ನು ಇಕ್ಕಳದಲ್ಲಿ ಒತ್ತಿ ಒಡೆಯುತ್ತಾರೆ, ಇದಕ್ಕೆ ಆ ಉಪಾಯ ನಡೆಯುವುದಿಲ್ಲ.

ಊತ ಶುರುವಾದಾಗಲೇ ತೆಗೆಯುವುದು ಎಲ್ಲಕ್ಕಿಂತ ಮೇಲು. ಕೈಯನ್ನು ಎದೆಗಿಂತ ಮೇಲೆ ಹಿಡಿದು ಐದು ಹತ್ತು ನಿಮಿಷ ತಣ್ಣೀರಿನ ಬಟ್ಟೆ ಸುತ್ತಿ, ಸಾಬೂನೋ ಎಣ್ಣೆಯೋ ಹಚ್ಚಿ ತಿರುಗಿಸುತ್ತ ಎಳೆಯಿರಿ. ಬರದಿದ್ದರೆ ಒಂದು ಮೀಟರ್ ಉದ್ದದ ಗಟ್ಟಿ ದಾರ ಅಥವಾ ಹಲ್ಲಿನ ಫ್ಲಾಸ್ ತೆಗೆದುಕೊಳ್ಳಿ. ಒಂದು ತುದಿಯನ್ನು ಉಂಗುರದ ಕೆಳಗಿನಿಂದ ಅಂಗೈ ಕಡೆಗೆ ತೂರಿಸಿ ಬಿಡಿ. ಉಳಿದ ದಾರವನ್ನು ಉಂಗುರದ ಅಂಚಿನಿಂದ ಶುರುಮಾಡಿ ಗೆಣ್ಣು ದಾಟುವವರೆಗೆ, ಸುತ್ತಿನ ಪಕ್ಕ ಸುತ್ತು ಬರುವಂತೆ ಬಿಗಿಯಾಗಿ ಸುತ್ತಿ. ಈಗ ಅಂಗೈ ಕಡೆಯ ತುದಿ ಹಿಡಿದು ಬೆರಳ ತುದಿಯತ್ತ ಎಳೆಯುತ್ತ ಬಿಚ್ಚುತ್ತ ಹೋದರೆ, ದಾರ ಬಿಚ್ಚಿದಂತೆಲ್ಲ ಉಂಗುರ ಮುಂದೆ ಸರಿಯುತ್ತದೆ. ಬೆರಳು ನೀಲಿಗಟ್ಟಿದ್ದರೆ, ಬಿಳಿಚಿಕೊಂಡಿದ್ದರೆ, ಜೋಮು ಹಿಡಿದಿದ್ದರೆ, ಗಾಯ ಅಥವಾ ಮೂಳೆಮುರಿತ ಇದ್ದರೆ ಇದನ್ನೆಲ್ಲ ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿ.

ಇದಕ್ಕಿಂತ ಗಂಭೀರವಾದದ್ದು ಉಂಗುರ ಎಲ್ಲಾದರೂ ಸಿಕ್ಕಿಹಾಕಿಕೊಂಡು ದೇಹದ ಭಾರವೆಲ್ಲ ಬೆರಳಿನ ಮೇಲೆ ಬೀಳುವುದು. ಮೆತ್ತಗಿನ, ತೆಳು ಚಿನ್ನ ಬಗ್ಗಿ ಬಿಟ್ಟುಕೊಡಬಹುದು, ಟೈಟಾನಿಯಂ ಬಿಟ್ಟುಕೊಡುವುದಿಲ್ಲ. ಚರ್ಮ ಸುಲಿದುಹೋಗುವಂಥ ಗಾಯ ಆಗುತ್ತದೆ. ಯಂತ್ರದ ಮುಂದೆ, ಏಣಿ ಹತ್ತುವಾಗ, ಬೇಲಿ ಹಾರುವಾಗ, ಚೆಂಡಾಟ ಆಡುವಾಗ, ಲಾರಿಯಿಂದ ಸಾಮಾನು ಇಳಿಸುವಾಗ ಉಂಗುರ ಜೇಬಿನಲ್ಲಿರಲಿ, ಅಥವಾ ಎಳೆದರೆ ಹರಿಯುವ ಸಿಲಿಕೋನ್ ಉಂಗುರ ಹಾಕಿ. ಬ್ಯಾಟರಿ, ವಿದ್ಯುತ್ ಕೆಲಸಕ್ಕೂ ಇದೇ ನಿಯಮ. ತಾಮ್ರಕ್ಕೆ ಹೋಲಿಸಿದರೆ ಟೈಟಾನಿಯಂ ದುರ್ಬಲ ವಾಹಕ ನಿಜ, ಆದರೆ ವಾಹನದ ಬ್ಯಾಟರಿಯ ಎರಡು ತುದಿಗಳ ನಡುವೆ ಸಿಕ್ಕಿದರೆ ಸುಡುವಷ್ಟು ಹರಿಸುತ್ತದೆ.

ಧರಿಸತೊಡಗಿದ ಮೇಲೆ

ಬೆವರು, ಸಮುದ್ರದ ನೀರು, ಈಜುಕೊಳದ ಕ್ಲೋರಿನ್ ಯಾವುದೂ ಬರೀ ಟೈಟಾನಿಯಂಗೆ ಏನೂ ಮಾಡುವುದಿಲ್ಲ. ದೂರ ಇಡಬೇಕಾದದ್ದು ಹೈಡ್ರೋಫ್ಲೋರಿಕ್ ಆಮ್ಲ ಅಥವಾ ಫ್ಲೋರೈಡ್ ಲವಣ ಇರುವ ದ್ರಾವಣಗಳನ್ನು: ಕೆಲವು ತುಕ್ಕು ತೆಗೆಯುವ ಮದ್ದು, ಗಾಜು ಕೊರೆಯುವ ಲೇಹ್ಯ, ಕೆಲವು ಚಕ್ರ ಸ್ವಚ್ಛಕ. ಅವು ರಕ್ಷಣೆಯ ಆಕ್ಸೈಡ್ ಪದರವನ್ನೇ ಕರಗಿಸುತ್ತವೆ.

ಉಂಗುರದ ಅಡಿ ಚರ್ಮ ಕೆಂಪಾಗಿ ತುರಿಸಿದರೆ ಕೂಡಲೇ ಲೋಹವನ್ನು ದೂರಬೇಡಿ. ಬಹಳ ಸಲ ಅದು ಉಂಗುರದಡಿ ಉಳಿದ ಸಾಬೂನು ಮತ್ತು ತೇವದ ಕೆಲಸ. ಕೈ ತೊಳೆದಾಗ ಉಂಗುರ ಸರಿಸಿ ಒರೆಸಿ, ರಾತ್ರಿ ತೆಗೆದಿಡಿ. ಒಂದು ವಾರದಲ್ಲಿ ಕಡಿಮೆಯಾಗದಿದ್ದರೆ ಮೇಲೆ ಹೇಳಿದ ಸಾಂದ್ರತೆಯ ಪರೀಕ್ಷೆ ಮಾಡಿ, ಚರ್ಮವೈದ್ಯರನ್ನೂ ಕಾಣಿ.

ಪಕ್ಕದಲ್ಲೇ ಚಿನ್ನದ ಉಂಗುರ ಹಾಕಿದರೆ ಗ್ರೇಡ್ 5 ಅದನ್ನು ಅರದಂತೆ ತಿನ್ನುತ್ತದೆ. ಎರಡನ್ನೂ ಬೇರೆ ಬೇರೆ ಬೆರಳಿಗೆ, ಸಾಧ್ಯವಾದರೆ ಬೇರೆ ಕೈಗೆ ಹಾಕಿ.

ಸ್ಯಾಟಿನ್ ಮೈ ಮಂಕಾದಾಗ ಹೊಸದು ಮಾಡುವುದು ಹೀಗೆ. ಉಂಗುರದ ಒಳಗೆ ಬಿಗಿಯಾಗಿ ಕೂರುವಂತೆ ಕಾಗದ ಸುತ್ತಿದ ಮರದ ಕಡ್ಡಿ ತೂರಿಸಿ. ಯಂತ್ರದ ಅಂಗಡಿಗಳಲ್ಲಿ ಸಿಗುವ ಮರೂನ್ ಬಣ್ಣದ ನಾರಿನ ಉಜ್ಜುವ ಪ್ಯಾಡನ್ನು ಹೊರಮೈ ಸುತ್ತ ಹಿಡಿದು, ಕಡ್ಡಿಯನ್ನು ಒಂದೇ ದಿಕ್ಕಿನಲ್ಲಿ ಎರಡು ಮೂರು ನಿಮಿಷ ತಿರುಗಿಸಿ. ಗೆರೆಗಳು ಉಂಗುರದ ಸುತ್ತ ಒಂದೇ ದಾರಿಯಲ್ಲಿ ಬರಬೇಕು, ಅಡ್ಡ ಉಜ್ಜಿದರೆ ಅದೇ ಗೀರಿನಂತೆ ಕಾಣುತ್ತದೆ. ಇನ್ನೂ ನುಣುಪು ಬೇಕೆಂದರೆ ಕೊನೆಯಲ್ಲಿ ಬೂದು ಬಣ್ಣದ ಪ್ಯಾಡ್ ಬಳಸಿ, ಸಾಬೂನು ನೀರಿನಲ್ಲಿ ತೊಳೆಯಿರಿ. ಉಜ್ಜಿದ ಜಾಗದ ಆಕ್ಸೈಡ್ ಪದರ ಗಾಳಿ ತಾಗಿದ ಕೂಡಲೇ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ, ಬೇರೆ ಏನೂ ಹಚ್ಚಬೇಕಿಲ್ಲ. ಬಣ್ಣ ಬರಿಸಿದ ಅಥವಾ ಲೇಪನ ಇರುವ ಉಂಗುರಕ್ಕೆ ಮಾತ್ರ ಈ ಪ್ಯಾಡ್ ಮುಟ್ಟಿಸಬೇಡಿ, ಅದನ್ನು ಮೆತ್ತನೆಯ ಬ್ರಷ್ಷಿನಿಂದ ತೊಳೆದರೆ ಸಾಕು.